ಅವಳ ಇಲಿಗಳಿಗೆ ಮುದ್ದೆಯ ತುತ್ತು

ಅವಳ ಇಲಿಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮನುಷ್ಯರ ಮೇಲಾದರೆ ಯಾರ ಹತ್ತಿರವಾದರೂ ಹೇಳಿಕೊಳ್ಳಬಹುದು. ಇಲಿಗಳ ಮೇಲೆ ಅಂದರೆ ನಗುತ್ತಾರೆ.

ತುಮಕೂರಿನ ಲ್ಯಾಬೊಂದರಲ್ಲಿ ಅವಳೂ ನಾನೂ ಒಬ್ಬರೇ ಮೇಡಂ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದೆವು. ಸದಾಶಿವನಗರದಲ್ಲಿ ಒಂದೇ ರೂಮು. ಅವಳು ಹಾಗಲವಾಡಿಯವಳು, ಅವಳದು ರಾಗಿ ಹೊಟ್ಟಿನ ಮೇಲೆ ಕೆಲಸ. ನಾನು ಯಡಿಯೂರು ಕಡೆಯವಳು, ನನ್ನದು ಕಾಯಿ ಸುಲಿದು ಬಿಸಾಡುವ ತೆಂಗಿನ ಮಟ್ಟೆ. ಎರಡರಲ್ಲೂ ಬಾಯಿಗೆ ಒಗರಾಗುವ ಫೀನಾಲಿಕ್ ಅಂಶಗಳಿವೆ. ಮಿದುಳಿನಲ್ಲಿ ನೆನಪಿಗೆ ಬೇಕಾದ ಒಂದು ರಾಸಾಯನಿಕವಿದೆ, ಅದನ್ನು ಒಡೆದುಹಾಕುವ ಕಿಣ್ವವೂ ಇದೆ. ಈ ಒಗರು ಆ ಕಿಣ್ವವನ್ನು ತಡೆದರೆ ಇಲಿಯ ನೆನಪು ಚುರುಕಾದೀತೇ ಎಂಬುದು ನಮ್ಮಿಬ್ಬರ ಪ್ರಶ್ನೆ. ತೊಟ್ಟಿಯ ನೀರಿನಡಿ ಒಂದು ಹಲಗೆ ಬಚ್ಚಿಟ್ಟು ಇಲಿಯನ್ನು ಬಿಡುತ್ತಿದ್ದೆವು. ಜಾಗ ನೆನಪಿಟ್ಟು ಎಷ್ಟು ಬೇಗ ಹಲಗೆ ಹತ್ತುತ್ತದೋ ನೋಡುತ್ತಿದ್ದೆವು. ಕೊನೆಗೆ ಇಲಿಯನ್ನು ಕೊಂದು ಮಿದುಳಿನ ಕಿಣ್ವ ಅಳೆಯಬೇಕು.

ನನ್ನವು ತೊಟ್ಟಿಯ ಗೋಡೆ ಹಿಡಿದು ಸುತ್ತು ಹೊಡೆಯುತ್ತಿದ್ದವು. ಅವಳವು ಗುಬ್ಬಿಗೆ ಹೋಗುವ ಕೊನೇ ಬಸ್ಸು ಕಂಡವರ ಹಾಗೆ ನೆಟ್ಟಗೆ ಹೋಗಿ ಹತ್ತಿಬಿಡುತ್ತಿದ್ದವು. ನಾನು ಮಟ್ಟೆಯಿಂದ ತೆಗೆದ ಸಾರವನ್ನು ಬಾಗಿದ ಸೂಜಿಯಿಂದ ಗಂಟಲಿಗೆ ಬಿಡುತ್ತಿದ್ದೆ, ನನ್ನ ಕೋಟು ಕಂಡರೆ ನನ್ನ ಇಲಿಗಳು ಮೂಲೆ ಸೇರುತ್ತಿದ್ದವು. ಅವಳು ಆ ಸೂಜಿಯನ್ನು ಮುಟ್ಟುತ್ತಲೇ ಇರಲಿಲ್ಲ. ಬೆಳಿಗ್ಗೆ ನಮಗೆಂದು ತಿರುವಿದ ಮುದ್ದೆಯಲ್ಲೇ ಒಂದಿಷ್ಟು ಮುರಿದು ಲ್ಯಾಬಿಗೆ ತಂದು, ಹೊಟ್ಟಿನ ಸಾರ ಕಲಸಿ, ಕಡಲೆಕಾಳಿನಷ್ಟು ಉಂಡೆ ಕಟ್ಟಿ ತಿನ್ನಿಸುತ್ತಿದ್ದಳು. "ಬಾರೋ ಮರಿ, ಉಣ್ಣು ಬಾ" ಅಂದರೆ ಸಾಕು, ಅಂಗೈ ಹತ್ತಿ ಕೂತು ಎರಡೂ ಕೈಯಲ್ಲಿ ಹಿಡಿದು ಕಡಿಯುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲ ವಾರವೇ ನನಗೆ ತಪ್ಪು ಕಂಡಿತು. ಸಾರ ಕೊಡದೆ ಹೋಲಿಕೆಗೆಂದು ಇಟ್ಟಿದ್ದ ಕಂಟ್ರೋಲ್ ಇಲಿಗಳಿಗೆ ಅವಳು ಮುದ್ದೆ ಕೊಡುತ್ತಿರಲಿಲ್ಲ, ಅವನ್ನು ಎತ್ತಿಕೊಳ್ಳುತ್ತಲೂ ಇರಲಿಲ್ಲ. ಹಾಗಾದರೆ ಉಳಿದವು ಚುರುಕಾಗಿದ್ದು ಸಾರದಿಂದಲೋ, ಮುದ್ದೆಯಿಂದಲೋ, ಅವಳ ಕೈಯಿಂದಲೋ? ಹೇಗೆ ಹೇಳುವುದು? ಅವತ್ತೇ ಎಚ್ಚರಿಸಬೇಕಿತ್ತು. ಅವಳು ಮಾಡಿದ ಮುದ್ದೆಯನ್ನೇ ಬಸ್ಸಾರಿನಲ್ಲಿ ಅದ್ದಿ ನುಂಗುತ್ತಾ ಬಾಯಿ ಮುಚ್ಚಿಕೊಂಡಿದ್ದೆ. ಮಾಡಲಿ, ಪೂರ್ತಿ ಮಾಡಿ ಆಮೇಲೆ ಬೀಳಲಿ ಅಂತ.

ಅವಳ ಸೆಮಿನಾರಿನ ದಿನ ಬಂತು. ಅವಳ ಇಲಿಗಳನ್ನೆಲ್ಲ ಆಗಲೇ ಕೊಂದಾಗಿತ್ತು. ಸಾರ ತಿಂದವುಗಳಲ್ಲಿ ಕಿಣ್ವವೂ ಇಳಿದಿದೆ ಎಂದು ಅವಳು ತೋರಿಸಿದಾಗ ಮೇಡಂ ಮುಖ ಅರಳಿತು. ನಾನು ಎದ್ದು ನಿಂತೆ. ರೂಮಿನಲ್ಲಿ ಏಕವಚನ, ಸೆಮಿನಾರಿನಲ್ಲಿ ಬಹುವಚನ.

"ಕಂಟ್ರೋಲ್ ಇಲಿಗಳಿಗೂ ಮುದ್ದೆ ಕೊಟ್ಟಿದ್ರಾ?"

"ಇಲ್ಲ" ಅಂದಳು.

"ಹಂಗಾದ್ರೆ ಮೊದ್ಲಿಂದ ಮಾಡ್ಬೇಕಮ್ಮ, ಇದು ನಿಲ್ಲಲ್ಲ" ಎಂದರು ಮೇಡಂ. ನನ್ನ ಕಡೆ ತಿರುಗಿ, "ಒಳ್ಳೆ ಪ್ರಶ್ನೆ" ಎಂದರು. ಈ ಒಂದು ಮಾತಿಗಾಗಿ ತಿಂಗಳುಗಟ್ಟಲೆ ಕಾದಿದ್ದೆ. ಸುಳ್ಳೇಕೆ, ಬಹಳ ಖುಷಿಯಾಯಿತು.

ಸಂಜೆ ಅವಳು ಖಾಲಿ ಗೂಡುಗಳನ್ನು ತೊಳೆಯುತ್ತಿದ್ದಳು. ನಾನು ಚೀಲ ತೆಗೆದುಕೊಳ್ಳಲು ಒಳಗೆ ಹೋದೆ.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದಳು.

"ಮೊದಲ್ನೇ ವಾರ."

ಜಗಳಕ್ಕೆ ಬರುತ್ತಾಳೆ ಅಂದುಕೊಂಡು ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅವಳು ಬ್ರಷ್ಷು ಕೆಳಗಿಟ್ಟಳು.

"ಅವತ್ತೇ ಹೇಳಿದ್ರೆ ಆ ಕಂಟ್ರೋಲ್ ಗೂಡಿನವಕ್ಕೂ ಒಂದೊಂದ್ ತುತ್ತು ಕೊಡ್ತಿದ್ದೆ ಕಣೇ. ಈಗ ನೋಡು, ಎಲ್ಲಾವೂ ಸುಮ್ ಸುಮ್ನೆ ಸತ್ವು."

ಅವಳ ಕಣ್ಣಲ್ಲಿ ನೀರಿತ್ತು. ನನ್ನ ಮೇಲಿನ ಸಿಟ್ಟು ಎಷ್ಟು ಹುಡುಕಿದರೂ ಅಲ್ಲಿರಲಿಲ್ಲ. ಅಷ್ಟು ಒಳ್ಳೆಯವಳಾಗಿದ್ದಕ್ಕೂ ನನಗೆ ಅವಳ ಮೇಲೆ ಅಸೂಯೆಯೇ ಬಂತು.