ಕಾಗವಾಡದಲ್ಲಿ ನನ್ನ ಪಂಪು, ನನ್ನ ಎದೆ

ನಮ್ಮ ಕೊಳ್ಳೇಗಾಲದಲ್ಲಿ ಸಂಜೆಯ ಕಾಫಿ ಕುಡಿಯುವ ಹೊತ್ತಿಗೆ ರಾಜ್ಯದ ಇನ್ನೊಂದು ತುದಿಯ ಕಾಗವಾಡದಲ್ಲಿ ನನ್ನ ಮುಂದೆ ರಾತ್ರಿಯೂಟದ ತಟ್ಟೆ ಬಂದು ಕೂತಿತು. ಹೊರಗೆ ಇನ್ನೂ ಬಿಸಿಲು.

"ಹೊತ್ತು ಮುಣಗೂದ್ರಾಗ ಉಂಡಬಿಡ್ರಿ ಬಾಯಾರ," ಎಂದರು ಮನೆಯೊಡತಿ ಪದ್ಮಾ ಕಾಕು. ಕಾಕು ಎಂದರೆ ಇಲ್ಲಿ ಚಿಕ್ಕಮ್ಮ. ಬಾಯಾರು ಎಂದರೆ ಪಾಠ ಹೇಳುವ ಹೆಂಗಸು. ಕಾಲೇಜಿಗೆ ವರ್ಗವಾಗಿ ಬಂದ ನಾನು ಈ ಜೈನ ಕುಟುಂಬದ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆ. ಸೂರ್ಯ ಮುಳುಗಿದ ಮೇಲೆ ಇವರು ಊಟವಿರಲಿ, ನೀರನ್ನೂ ಮುಟ್ಟುವುದಿಲ್ಲ. ಮೊದಲ ದಿನವೇ ಬೇಡವೆನ್ನಲು ನಾಲಿಗೆ ಏಳಲಿಲ್ಲ, ಉಂಡೆ.

ಆ ಗಡಿಬಿಡಿಯಲ್ಲಿ ಪಂಪಿಗೆ ಹೇಳುವುದನ್ನೇ ಮರೆತೆ. ಶಾಲೆಗೆ ಹೋಗುವ ವಯಸ್ಸಿನಿಂದಲೂ ನನಗೆ ಟೈಪ್ ಒನ್ ಮಧುಮೇಹ; ದೇಹದಲ್ಲಿ ಇನ್ಸುಲಿನ್ ತಯಾರಾಗುವುದಿಲ್ಲ. ತೋಳಿನ ಸೆನ್ಸರ್ ಸಕ್ಕರೆಯನ್ನು ನೋಡುತ್ತಿರುತ್ತದೆ, ಸೊಂಟದ ಪಂಪು ಅದಕ್ಕೆ ತಕ್ಕಂತೆ ತಾನೇ ಇನ್ಸುಲಿನ್ ಹರಿಸುತ್ತದೆ. ಉಣ್ಣುವ ಮುಂಚೆ ಮಾತ್ರ ಅದಕ್ಕೆ ತಿಳಿಸಬೇಕು. ತಿಳಿಸದ್ದಕ್ಕೆ ಸಕ್ಕರೆ ಏರಿ, ಪಂಪು ಕೂಗತೊಡಗಿತು. ಇದು ಪಂಪು ಎಂದು ನಾನು ಹೇಳಿದ್ದಕ್ಕೆ ಕಾಕುವಿನ ಯಜಮಾನರು ಅದನ್ನು ಕುತೂಹಲದಿಂದ ನೋಡಿ, "ಎಷ್ಟ ಎಚ್‌ಪಿ ಐತ್ರಿ?" ಎಂದರು. ದ್ರಾಕ್ಷಿ ತೋಟದವರಲ್ಲವೇ, ಪಂಪೆಂದರೆ ನೀರೆತ್ತುವುದೇ! ಈ ಊರಲ್ಲಿ ನಾನು ಮೊದಲು ನಕ್ಕದ್ದು ಆಗಲೇ.

ಬರಬರುತ್ತಾ ಸಂಜೆಯೂಟಕ್ಕೆ ಒಗ್ಗಿದೆ. ರೊಟ್ಟಿಯ ಲೆಕ್ಕ ಪಂಪಿಗೆ ಹೇಳುವುದು ರೂಢಿಯಾಯಿತು, ಬೆಳಗಿನ ಸಕ್ಕರೆ ಹದಕ್ಕೆ ಬಂತು. ಬದುಕು ದಾರಿಗೆ ಬಂತೆಂದು ಒಳಗೊಳಗೇ ಬೀಗುತ್ತಿದ್ದೆ.

ಒಂದು ಸಂಜೆ ಕಾಲೇಜಿನಿಂದ ತಡವಾಗಿ ಬಂದು ಮೆಟ್ಟಿಲು ಹತ್ತುವಾಗ ಮೈಯೆಲ್ಲ ಬೆವರಿತು, ಉಸಿರು ಸಾಲದಾಯಿತು. ಅಲ್ಲೇ ಕುಸಿದು ಕೂತೆ. ನನಗೆ ಬೆವರೆಂದರೆ ಸಕ್ಕರೆ ಇಳಿದಿದೆ ಎಂದೇ ಅರ್ಥ. ಅದನ್ನು ಕಲಿತಿದ್ದ ಕಾಕು ಬೆಲ್ಲದ ಹೆಂಟೆ ಹಿಡಿದು ಓಡಿಬಂದರು. "ಮದ್ಲ ಇದನ್ನ ಬಾಯಾಗ ಹಾಕ್ಕೋರಿ!"

ಬೆಲ್ಲ ಕೈಯಲ್ಲಿ ಹಿಡಿದೇ ಪಂಪಿನ ಪರದೆ ನೋಡಿದೆ. ಸಕ್ಕರೆ ಇಳಿದೇ ಇರಲಿಲ್ಲ. ಬೆರಳು ಚುಚ್ಚಿ ನೋಡಿದರೂ ಅದೇ. ನಿಜವಾದ ಭಯ ಹುಟ್ಟಿದ್ದು ಆಗ. ಸಕ್ಕರೆಯದಲ್ಲದಿದ್ದರೆ ಈ ಬೆವರು ಯಾವುದರದು? ಬಹುಕಾಲದ ಮಧುಮೇಹಿಗಳಿಗೆ ಹೃದಯದ ತೊಂದರೆ ನೋವಿಲ್ಲದೆಯೂ ಬರಬಹುದು ಎಂದು ನಮ್ಮೂರಿನ ಡಾಕ್ಟರು ಎಚ್ಚರಿಸಿದ್ದರು.

"ಕಾಕು, ಇದು ಸಕ್ಕರೆ ಅಲ್ಲ. ಎದೆ ಇರಬಹುದು."

ಅವರು ಯಜಮಾನರನ್ನು ಕೂಗಿ ಕಾರು ತೆಗೆಸಿದರು. "ನಡೀರಿ, ಮಿರಜಕ್ಕ ಹೋಗೂಣು."

ನಮ್ಮ ಕಡೆ ದೊಡ್ಡ ಆಸ್ಪತ್ರೆಗೆಂದರೆ ಮೈಸೂರು. ಇಲ್ಲಿ ರಾಜ್ಯದ ಗಡಿಯನ್ನೇ ದಾಟಬೇಕು. ಅಲ್ಲಿಯ ಡಾಕ್ಟರು ಮರಾಠಿಯಲ್ಲಿ, "ಛಾತೀತ ದುಖತಂಯ್ ಕಾ?" ಎಂದಾಗ ನಾನು ಪಿಳಿಪಿಳಿ ಕಣ್ಣು ಬಿಟ್ಟೆ.

"ಎದಿ ನೋಯಾಕತ್ತೈತೇನ್ ಅಂತ ಕೇಳಾಕತ್ತಾರ್ರಿ," ಎಂದರು ಕಾಕು.

"ಇಲ್ಲ. ಅದಕ್ಕೇ ಹೆದರಿಕೆ."

ಪರೀಕ್ಷೆಗಳಾದವು. ಹೃದಯದ ಒಂದು ರಕ್ತನಾಳ ಕಿರಿದಾಗಿತ್ತು. ಸದ್ಯಕ್ಕೆ ಮಾತ್ರೆಗಳು ಸಾಕು, ಆದರೆ ಹುಷಾರು ಎಂದರು. ಸಕ್ಕರೆಯನ್ನು ಹದದಲ್ಲಿಡುವುದರಿಂದ ಹೃದಯಕ್ಕೂ ಒಳ್ಳೆಯದೇ. ಹಾಗೆಂದು ಪಂಪು ಬರುವ ಮುಂಚಿನ ವರ್ಷಗಳ ಏರಿಳಿತ ಅಳಿಸಿಹೋಗದು, ರಕ್ತದೊತ್ತಡ, ಕೊಬ್ಬು ಎಲ್ಲವನ್ನೂ ನೋಡಿಕೊಳ್ಳಬೇಕಂತೆ. ಕೇಳುತ್ತಾ ಅತ್ತುಬಿಟ್ಟೆ. ಆ ರಾತ್ರಿಯೆಲ್ಲ ಪಕ್ಕದಲ್ಲಿದ್ದ ಕಾಕುವಿನ ತುಟಿ ಒಣಗಿ ಬಿರಿದಿತ್ತು. ನನಗೆ ನೀರು ಕುಡಿಸಿದ್ದು ಅವರೇ. ತಾವು ಕುಡಿದದ್ದು ಮಾರನೆಯ ದಿನ ಹೊತ್ತು ಏರಿದ ಮೇಲೆ.

ಈಗ ರಜೆಗೆ ಕೊಳ್ಳೇಗಾಲಕ್ಕೆ ಬಂದಿದ್ದೇನೆ. ವಾಪಸ್ಸು ವರ್ಗ ಮಾಡಿಸಿಕೋ ಎಂದು ಅಮ್ಮ ಬೆನ್ನು ಬಿದ್ದಿದ್ದಾಳೆ. ಮೆಟ್ಟಿಲು ಹತ್ತುವಾಗ ಇಲ್ಲೂ ನನ್ನ ಕೈ ತಾನಾಗಿಯೇ ಎದೆಗೆ ಹೋಗುತ್ತದೆ. ಇನ್ನೊಮ್ಮೆ ಹಾಗಾದರೆ ಯಾರ ಹತ್ತಿರ ಇರಬೇಕು, ಹೆತ್ತವಳ ಹತ್ತಿರವೋ, ಆ ಬೆವರನ್ನು ಕಂಡವಳ ಹತ್ತಿರವೋ? ಯೋಚಿಸಿದಷ್ಟೂ ತಲೆ ಕೆಡುತ್ತದೆ.

ನಿನ್ನೆ ಹೊತ್ತು ಮುಳುಗುವಾಗ ಹೊಟ್ಟೆ ಚುರುಗುಟ್ಟಿತು. ಅಡುಗೆಮನೆಯಲ್ಲಿ ಅನ್ನಕ್ಕಿನ್ನೂ ಇಟ್ಟಿರಲಿಲ್ಲ. ಅಷ್ಟರಲ್ಲಿ ಫೋನು.

"ಉಂಡೀರೇನ್ರಿ ಬಾಯಾರ?"

"ಉಂಡೆ ಕಾಕು."

ಅಮ್ಮ ಇಣುಕಿದಳು. "ಹಸಿವಾಯ್ತೇನವ್ವ?"

"ಇಲ್ಲಮ್ಮ," ಎಂದೆ.

ಪಂಪಿಗೆ ಮಾತ್ರ ಉಂಡೆನೆಂಬ ಸುಳ್ಳು ಹೇಳಲಿಲ್ಲ.