ಅಂತರಿಕ್ಷದಲ್ಲಿ ಅಮ್ಮನ ಬೆರಳೆಣಿಕೆ

ಸಂಜೆ ಏಳಕ್ಕೆ ನಮ್ಮ ಮನೆಯ ಟಿ.ವಿ.ಯಲ್ಲಿ ಒಂದು ಅಂತರಿಕ್ಷದ ಧಾರಾವಾಹಿ ಬರುತ್ತಿತ್ತು. ಯಾವುದೋ ದೇಶದ್ದು, ಕನ್ನಡಕ್ಕೆ ಡಬ್ ಮಾಡಿದ್ದು. ತಪ್ಪದೆ ನೋಡುತ್ತಿದ್ದವರು ಇಬ್ಬರು. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಬಸ್ಸಿನಲ್ಲಿ ನಿಂತುಕೊಂಡೇ ತುಮಕೂರಿಗೆ ಬಂದು ಸೋಫಾದ ಮೇಲೆ ಬೀಳುವ ನಾನು, ಮತ್ತು ಮಂಡಿಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡ ಅಮ್ಮ. ನಾನು ಅದರಲ್ಲಿ ವಿಜ್ಞಾನದ ತಪ್ಪು ಹುಡುಕುತ್ತಿದ್ದೆ. ಅಮ್ಮ ಬೇರೆ ಏನನ್ನೋ ನೋಡುತ್ತಿದ್ದಳು.

ಅಮ್ಮನದು ಕಸುಬಿನವರ ನೋಟ. ಮೂವತ್ತು ವರ್ಷ ಅವಳು ಹಳ್ಳಿ ನಾಟಕಗಳಿಗೆ ಹೆಣ್ಣು ಪಾತ್ರ ಮಾಡಲು ಹೋಗುತ್ತಿದ್ದವಳು. ನಮ್ಮ ಕಡೆ ಪೌರಾಣಿಕ ನಾಟಕ ಆಡುವವರು ಊರಿನ ಗಂಡಸರು. ಹಾರ್ಮೋನಿಯಂ ಮೇಷ್ಟ್ರನ್ನು ಕೂರಿಸಿಕೊಂಡು ನಾಲ್ಕೈದು ತಿಂಗಳು ಪ್ರಾಕ್ಟೀಸ್ ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಪಟ್ಟಣದಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ನಾಟಕದ ದಿನವೇ ಬಸ್ಸಿಳಿದು, ಬಣ್ಣ ಹಚ್ಚಿಕೊಂಡು ನಿಲ್ಲಬೇಕು. ಕುಣಿಗಲ್, ಹುಲಿಯೂರುದುರ್ಗ, ಗುಬ್ಬಿ ಸುತ್ತಮುತ್ತ ಅಮ್ಮ ರಾಣಿಯಾಗದ ಊರಿಲ್ಲ. ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿದ ರಾಜ ಜನರನ್ನು ಕಂಡ ಕೂಡಲೇ ಮಾತು ಮರೆತು ನಿಂತರೆ, ಪ್ರಾಕ್ಟೀಸೇ ಮಾಡದ ರಾಣಿ ಅವನಿಗೆ ಮಾತು ಎತ್ತಿಕೊಡಬೇಕು. ಹೀಗಾಗಿ ಅಮ್ಮನಿಗೆ ಎಲ್ಲರ ಪಾತ್ರವೂ ಬಾಯಿಪಾಠ.

ಇಂಥ ಅಮ್ಮ ಧಾರಾವಾಹಿ ನೋಡುತ್ತ ಒಂದೊಂದೇ ಬೆರಳು ಮಡಚುತ್ತಿದ್ದಳು. ಮೊದಲು ಜಪ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಆ ಹಡಗಿನಲ್ಲಿದ್ದ ಒಬ್ಬಳೇ ಒಬ್ಬ ಹೆಂಗಸಿಗೆ ಎಷ್ಟು ಮಾತು ಕೊಟ್ಟಿದ್ದಾರೆ ಎಂದು ಎಣಿಸುತ್ತಿದ್ದಾಳೆ. ಆಕೆ ದೊಡ್ಡ ವಿಜ್ಞಾನಿ ಎಂದು ಮೊದಲ ಕಂತಿನಲ್ಲಿ ಹೇಳಿದ್ದರು. ಆಮೇಲೆ ಆ ವಿಷಯವನ್ನು ಎಲ್ಲರೂ ಮರೆತರು, ಬರೆದವರೂ ಸೇರಿ. ಒಂದು ದಿನದ ಎಣಿಕೆ ಹೀಗಿತ್ತು: "ಕ್ಯಾಪ್ಟನ್" ಎರಡು ಸಲ, "ಅಪಾಯ" ಒಂದು ಸಲ, ಜೊತೆಗೆ ಒಂದು ಕಿರುಚಾಟ. ಕಿರುಚಿದ್ದನ್ನು ಮಾತಿಗೆ ಸೇರಿಸಬೇಕೋ ಬೇಡವೋ ಎಂದು ನಮ್ಮಿಬ್ಬರಲ್ಲಿ ಸ್ವಲ್ಪ ಜಗಳವೂ ಆಯಿತು.

ಹಡಗು ಹಿಮದ ಗ್ರಹದಲ್ಲಿ ಇಳಿದ ದಿನ ಗಂಡಸರೆಲ್ಲ ಗಂಟಲವರೆಗೆ ಜಾಕೆಟ್ ಏರಿಸಿಕೊಂಡು ಇಳಿದರು. ವಿಜ್ಞಾನಿಗೆ ಮಾತ್ರ ತೋಳಿಲ್ಲದ, ಬೆನ್ನಿಲ್ಲದ ಬೆಳ್ಳಿ ಬಣ್ಣದ ಉಡುಪು. ಕ್ಯಾಮೆರಾ ಆ ಗ್ರಹದ ಬೆಟ್ಟಗುಡ್ಡ ಎಲ್ಲವನ್ನೂ ಬಿಟ್ಟು ಅವಳ ಪಾದದಿಂದ ನಿಧಾನಕ್ಕೆ ಮೇಲೆ ಹತ್ತಿತು. ಮುಖಕ್ಕೆ ಬರುವಷ್ಟರಲ್ಲಿ ಜಾಹೀರಾತು ಬಂತು.

"ಆ ಮಗಿಗೆ ಒಂದು ಸ್ವೆಟರ್ ಕೊಡಾಕೆ ಅಷ್ಟ್ ದೊಡ್ಡ ಹಡಗ್ನಲ್ಲಿ ಯಾರೂ ಇಲ್ವೇನೇ?" ಅಂದಳು ಅಮ್ಮ.

ಅದೇ ಹಡಗಿನ ಕಂಪ್ಯೂಟರಿಗೆ ಹೆಣ್ಣಿನ ದನಿ. ಆಮ್ಲಜನಕ ಎಷ್ಟಿದೆ, ಬಾಗಿಲು ಯಾವಾಗ ಮುಚ್ಚುತ್ತದೆ ಎಂದು ಅದು ಇಡೀ ಕಂತು ಮಾತಾಡುತ್ತಲೇ ಇರುತ್ತಿತ್ತು. ಮೈ ಇರುವವಳಿಗೆ ಮಾತಿಲ್ಲ, ಮಾತಿರುವವಳಿಗೆ ಮೈಯಿಲ್ಲ ಎಂದು ಅಮ್ಮ ತೀರ್ಪು ಕೊಟ್ಟಳು. ಹಾಗಂತ ಚಾನೆಲ್ ಬದಲಿಸಲೂ ಬಿಡಲಿಲ್ಲ.

ನನಗೂ ಸಿಟ್ಟು ಬಂತು. ನನ್ನ ಸಿಟ್ಟು ಸ್ಟಾಫ್ ರೂಮಿಗೆ ಹೋದ ಮೇಲೆ ಭಾಷಣವಾಗುತ್ತದೆ. ಬೆಳಕಿಗಿಂತ ಜೋರಾಗಿ ಓಡುವ ಹಡಗನ್ನು ಊಹಿಸಿಕೊಳ್ಳಬಲ್ಲ ತಲೆಗಳಿಗೆ ಅದನ್ನು ಓಡಿಸುವ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಲು ಆಗುವುದಿಲ್ಲವಲ್ಲ ಎಂದು ಒಂದು ವಾರ ಎಲ್ಲರ ಊಟದ ಡಬ್ಬಿಯ ಮೇಲೆ ಕೂಗಾಡಿದೆ. ನನ್ನ ಬಾಯಿ ಮುಚ್ಚಿಸಲೋ ಏನೋ, ಸ್ಕೂಲ್ ಡೇಗೆ ಒಂದು ವಿಜ್ಞಾನ ನಾಟಕ ನೀವೇ ಬರೆಯಿರಿ ಅಂದರು ಹೆಡ್ ಮಾಸ್ಟರು.

ಬರೆದೆ. ಮಂಗಳ ಗ್ರಹಕ್ಕೆ ಹೊರಟ ಹಡಗು, ಅದರಲ್ಲಿ ಒಬ್ಬ ಕ್ಯಾಪ್ಟನ್, ಒಬ್ಬ ಇಂಜಿನಿಯರ್, ಒಬ್ಬ ಡಾಕ್ಟರು, ಒಬ್ಬಳು ವಿಜ್ಞಾನಿ. ಕೊನೆಗೆ ಬರುವ ಹಸಿರು ಮೈಯ ಅನ್ಯಗ್ರಹದವನು. ಆಮ್ಲಜನಕ, ಗುರುತ್ವ ಯಾವುದರಲ್ಲೂ ಒಂದೂ ತಪ್ಪಿರಲಿಲ್ಲ. ಹೆಮ್ಮೆಯಿಂದ ಅಮ್ಮನಿಗೆ ಓದಿ ಹೇಳಿ ತಲೆಯೆತ್ತಿದರೆ, ಅವಳ ಕೈ ನನ್ನ ಮೂಗಿನ ಮುಂದಿತ್ತು. ಮೂರು ಬೆರಳು ಮಡಚಿದ್ದವು.

"ಕ್ಯಾಪ್ಟನ್, ಅಪಾಯ." "ಕ್ಯಾಪ್ಟನ್, ನೀರು ತಗೊಳ್ಳಿ." "ಕಾಪಾಡಿ." ನನ್ನ ವಿಜ್ಞಾನಿಗೆ ನಾನು ಕೊಟ್ಟಿದ್ದು ಇಷ್ಟೇ. ಬ್ರಾಕೆಟ್ಟಿನಲ್ಲಿ ನನ್ನದೇ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ಹೊಳೆಯುವ ಉಡುಪಿನಲ್ಲಿ ಪ್ರವೇಶ. ಕೊನೆಯಲ್ಲಿ ಅನ್ಯಗ್ರಹದವನು ಅವಳನ್ನು ಎಳೆದುಕೊಂಡು ಹೋಗುತ್ತಿದ್ದ, ಕ್ಯಾಪ್ಟನ್ ಬಿಡಿಸಿಕೊಂಡು ಬರುತ್ತಿದ್ದ.

ಇದು ಮಕ್ಕಳ ನಾಟಕ, ಇಪ್ಪತ್ತೇ ನಿಮಿಷದ್ದು, ಎಲ್ಲರಿಗೂ ಮಾತು ಕೊಡಲು ಆಗುವುದಿಲ್ಲ ಎಂದು ವಾದ ಮಾಡಿದೆ. ಅಮ್ಮ ಬಿಸಿನೀರಿನ ಚೀಲ ಪಕ್ಕಕ್ಕಿಟ್ಟಳು.

"ನನ್ನೂ ಸಭೆಗೆ ಎಳ್ಕೊಂಡ್ ಬರೋರು ಕಣೇ, ಸೀರೆಗೆ ಕೈ ಹಾಕೋರು. ಎಷ್ಟ್ ಊರಲ್ಲೋ ಏನೋ. ಆದ್ರೆ ಅದಕ್ ಮುಂಚೆ ಅರ್ಧ ಗಂಟೆ ನಾನು ಪ್ರಶ್ನೆ ಕೇಳ್ತಿದ್ದೆ. ಇಡೀ ಸಭೆ ತಲೆ ತಗ್ಗಿಸ್ಕಂಡ್ ಕೂತಿರೋದು. ನೀನು ಓದ್ದೋಳು. ಈ ಹುಡುಗಿಗೆ ಒಂದ್ ಪ್ರಶ್ನೆನಾದ್ರೂ ಇಟ್ಟಿದೀಯಾ?"

ಇಟ್ಟಿರಲಿಲ್ಲ. ಆದರೆ ತಪ್ಪು ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಮಕ್ಕಳಿಗೆ ಆಗಲೇ ಪ್ರತಿ ಹಂಚಿಯಾಗಿದೆ ಎಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಿಜ ಮಾಡಲು ಮರುದಿನ ಹಂಚಿಯೇಬಿಟ್ಟೆ.

ವಿಜ್ಞಾನಿಯ ಪಾತ್ರಕ್ಕೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಆರಿಸಿದ್ದೆ. ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ಕೇಳಿ ನನ್ನ ಪ್ರಾಣ ತಿನ್ನುವವಳು. ಮಂಗಳಕ್ಕೆ ಎರಡು ಚಂದ್ರ ಅಂದರೆ, ಹಾಗಾದರೆ ಅಲ್ಲಿ ಹುಣ್ಣಿಮೆ ಎಷ್ಟು ಎಂದು ಕೇಳಿದವಳು. ಕ್ಯಾಪ್ಟನ್ ಆಗುತ್ತೇನೆಂದು ಎಲ್ಲರಿಗಿಂತ ಮೊದಲು ಕೈ ಎತ್ತಿದ್ದೂ ಅವಳೇ. ನಾನು ಎತ್ತರ ನೋಡಿ ಒಬ್ಬ ಹುಡುಗನನ್ನು ಕ್ಯಾಪ್ಟನ್ ಮಾಡಿದ್ದೆ. ಮೊದಲ ಪ್ರಾಕ್ಟೀಸಿನಲ್ಲಿ ಹುಡುಗಿ ಹತ್ತಿರ ಬಂದಳು.

"ಮಿಸ್, ಅವ್ನು ಗುಂಡಿ ಒತ್ತೋವಾಗ ನಾನೇನ್ ಮಾಡ್ಲಿ?"

ನೋಡುತ್ತಾ ನಿಂತಿರು ಅಂದೆ.

"ಏನನ್ನ?"

ಹುಣ್ಣಿಮೆಯ ಪ್ರಶ್ನೆಗಾದರೂ ಏನೋ ಒಂದು ಉತ್ತರ ಕೊಟ್ಟಿದ್ದೆ. ಇದಕ್ಕೆ ಮಾತ್ರ, ಮೊದಲಿನಿಂದ ಶುರು ಮಾಡಿ ಎಂದು ಎಲ್ಲರಿಗೂ ಚಪ್ಪಾಳೆ ತಟ್ಟಿದೆ.

ಹೊಳೆಯುವ ಉಡುಪು ಗುಬ್ಬಿಯ ಡ್ರಾಮಾ ಸೀನರಿ ಅಂಗಡಿಯಿಂದ ಬಂತು. ಪರದೆ, ಕಿರೀಟ, ಗದೆ, ಡ್ರೆಸ್ಸು ಎಲ್ಲವನ್ನೂ ಬಾಡಿಗೆಗೆ ಕೊಡುವ ಅಂಗಡಿ ಅದು. ವಿಜ್ಞಾನಿಗೆ ಬೇಕು ಅಂದಿದ್ದಕ್ಕೆ ಅವರು ಕಳಿಸಿದ್ದು ನಾಟಕದ ಮಧ್ಯೆ ಬಂದು ಕುಣಿದು ಹೋಗುವವರ ಡ್ರೆಸ್ಸು. ಹುಡುಗಿ ಅದನ್ನು ಬಿಡಿಸಿ ನೋಡಿ, ಮತ್ತೆ ಮಡಚಿ, ನನ್ನ ಮೇಜಿನ ಮೇಲಿಟ್ಟು ಹೋದಳು. ಮಾರನೆಯ ದಿನ ಪ್ರಾಕ್ಟೀಸಿಗೆ ಬರಲಿಲ್ಲ. ಕ್ಲಾಸಿಗೆ ಬಂದಳು, ಆದರೆ ಒಂದೂ ಪ್ರಶ್ನೆ ಕೇಳಲಿಲ್ಲ. ಅದರ ಮಾರನೆಯ ದಿನವೂ ಕೇಳಲಿಲ್ಲ. ಯಾರೋ ಕಪಾಳಕ್ಕೆ ಬಿಗಿದ ಹಾಗಾಯಿತು. ನಾಟಕ ಹಾಳಾದರೆ ಹೋಗಲಿ, ಆ ಬಾಯಿಯನ್ನು ನಾನೇ ಮುಚ್ಚಿಸಿಬಿಟ್ಟೆನಲ್ಲ ಎಂದು ನಿಜವಾಗಿ ಹೆದರಿದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಬೈಯಲಿಲ್ಲ, ಅದನ್ನು ತಡೆದುಕೊಳ್ಳುವುದು ಇನ್ನೂ ಕಷ್ಟವಾಯಿತು. ಬೆಳಿಗ್ಗೆ ಮಂಡಿಗೆ ಪಟ್ಟಿ ಸುತ್ತಿಕೊಂಡು ನನ್ನ ಜೊತೆ ಗುಬ್ಬಿ ಬಸ್ಸು ಹತ್ತಿದಳು. ಸೀನರಿ ಅಂಗಡಿಯ ಯಜಮಾನರು ಅವಳನ್ನು ಕಂಡು ಎದ್ದು ನಿಂತು, ಇವತ್ತು ಯಾವ ಊರಲ್ಲಿ ರಾಣಿ ಎಂದು ಕೇಳಿದರು. ಅಮ್ಮ ಆ ಡ್ಯಾನ್ಸ್ ಡ್ರೆಸ್ಸನ್ನು ಅವರ ಮುಂದಿಟ್ಟು, ಗೋಡೆಯ ಮೇಲಿದ್ದ ರಾಜನ ಜರಿ ಕೋಟು ಇಳಿಸಿಕೊಂಡಳು. ಅದರ ಎರಡೂ ಭುಜದ ಮೇಲೆ ಊಟದ ತಟ್ಟೆಯಷ್ಟು ಅಗಲದ ಭುಜಕೀರ್ತಿ. ಮಂಗಳ ಗ್ರಹಕ್ಕೆ ಇದು ಹೊಂದುವುದಿಲ್ಲ ಅಂದೆ.

"ನೀನ್ ಹೋಗ್ ನೋಡ್ಕಂಡ್ ಬಂದಿದೀಯಾ?" ಅಂದಳು.

ಹುಡುಗಿ ಆ ಕೋಟನ್ನು ನೋಡಿ ಮೊದಲು ನಕ್ಕಳು, ಆಮೇಲೆ ಹಾಕಿಕೊಂಡಳು, ಆಮೇಲೆ ಬಿಚ್ಚಲು ಒಪ್ಪಲಿಲ್ಲ. ನಾನು ಅವಳಿಗೆ ಸಾರಿ ಕೇಳಿದೆ. ಎಳೆದುಕೊಂಡು ಹೋಗುವುದನ್ನು ತೆಗೆದು, ಅವಳ ಮೂರು ಮಾತನ್ನು ಹನ್ನೆರಡು ಮಾಡಿದೆ. ಅಮ್ಮನಿಗೆ ಅಷ್ಟು ಸಾಲಲಿಲ್ಲ. ನಾಲ್ಕು ದಿನ ಶಾಲೆಗೆ ಬಂದು, ಹೊಂಗೆ ಮರದ ಕೆಳಗೆ ಕೂತು, ಕ್ಯಾಪ್ಟನ್ನಿನಿಂದ ಹಿಡಿದು ಡಾಕ್ಟರವರೆಗೆ ಎಲ್ಲರ ಮಾತನ್ನೂ ಅವಳಿಗೆ ಬಾಯಿಪಾಠ ಮಾಡಿಸಿದಳು.

"ಗಂಡ್ ಪಾತ್ರದೋರು ಜನ ನೋಡಿದ್ ಕೂಡ್ಲೆ ಕಲ್ಲಾಗೋಯ್ತಾರೆ. ಆಗ ನೀನು ಸುಮ್ನೆ ನಿಂತ್ಕಬ್ಯಾಡ. ಪ್ರಶ್ನೆ ಹಾಕು," ಎಂದು ಹೇಳಿಕೊಟ್ಟಳು.

ಸ್ಕೂಲ್ ಡೇ ಮಧ್ಯಾಹ್ನ ಇತ್ತು. ಹೆಡ್ ಮಾಸ್ಟರ ತಿರುಗುವ ಕುರ್ಚಿ ಕ್ಯಾಪ್ಟನ್ ಕುರ್ಚಿಯಾಗಿತ್ತು. ಹುಡುಗ ಅದರಲ್ಲಿ ಕೂತು ಒಂದು ಸುತ್ತು ತಿರುಗಿದ, ಮುಂದಿನ ಸಾಲಿನಲ್ಲಿ ತನ್ನ ನೆಂಟರಿಷ್ಟರನ್ನೆಲ್ಲ ಕಂಡ, ಅಲ್ಲಿಗೆ ಹಡಗು ನಿಂತುಹೋಯಿತು. ಪಕ್ಕದಿಂದ ನಾನು ಪಿಸುಗುಟ್ಟಿದ್ದು ಮೈಕಿಗೆ ಕೇಳಿಸಿ ಇಡೀ ಮೈದಾನಕ್ಕೆ ಹೋಯಿತು, ಅವನೊಬ್ಬನಿಗೆ ಕೇಳಿಸಲಿಲ್ಲ. ಹುಡುಗಿ ಭುಜಕೀರ್ತಿ ಅಲುಗಿಸುತ್ತ ಮುಂದೆ ಬಂದಳು.

"ಕ್ಯಾಪ್ಟನ್, ಈ ಹಡಗು ಎತ್ತ ಹೋಗ್ತಿದೆ ಅಂತ ನಿಮಗೆ ಗೊತ್ತಾ?"

"ಇಲ್ಲ," ಅಂದ ಅವನು, ಪ್ರಾಮಾಣಿಕವಾಗಿ.

"ಹಾಗಾದ್ರೆ ಎದ್ದೇಳಿ."

ಎದ್ದ. ಅವನ ಮುಖದಲ್ಲಿ ಆಗ ಮೂಡಿದಂಥ ನೆಮ್ಮದಿಯನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ. ಅವಳು ಕುರ್ಚಿಯಲ್ಲಿ ಕೂತು, ಎಲ್ಲರ ಮಾತನ್ನೂ ತಾನೇ ಎತ್ತಿಕೊಡುತ್ತ ಹಡಗನ್ನು ಮಂಗಳದ ಮೇಲೆ ಇಳಿಸಿದಳು. ಹಸಿರು ಬಣ್ಣ ಬಳಿದುಕೊಂಡ ಹುಡುಗ ಅವಳನ್ನು ಎಳೆದೊಯ್ಯಲು ನುಗ್ಗಿದ. ಪಾಪ, ಅವನ ಹತ್ತಿರ ಇದ್ದದ್ದು ನಾನು ಅವಸರದಲ್ಲಿ ಹಂಚಿದ ಹಳೆಯ ಪ್ರತಿ, ಬದಲಾದದ್ದನ್ನು ಅವನಿಗೆ ಹೇಳಲು ಮರೆತಿದ್ದೆ. ಯಾವ ಗ್ರಹದವನು ನೀನು, ಯಾರ ಅಪ್ಪಣೆ ಪಡೆದು ಬಂದೆ, ಮುಟ್ಟುವ ಮುಂಚೆ ಕೇಳುವ ಪದ್ಧತಿ ನಿಮ್ಮಲ್ಲಿ ಇಲ್ಲವೇ ಎಂದು ಅವಳು ಒಂದೇ ಸಮನೆ ಕೇಳಿದಳು. ಅವನಿಗೆ ನಾನು ಒಂದು ಮಾತನ್ನೂ ಬರೆದಿರಲಿಲ್ಲ. ಅವನು ನನ್ನನ್ನು ನೋಡಿದ, ನಾನು ಪರದೆಯನ್ನು ನೋಡಿದೆ.

ಕೂತಿದ್ದವರು ಹಳ್ಳಿ ನಾಟಕ ನೋಡಿ ಬೆಳೆದ ಜನ. ಮೆಚ್ಚಿದರೆ ವನ್ಸ್ ಮೋರ್ ಕೂಗುತ್ತಾರೆ, ಕೂಗಿದ ಮೇಲೆ ಆ ದೃಶ್ಯವನ್ನು ಮತ್ತೆ ಆಡಲೇಬೇಕು. ಯಾರೋ ಹಿರಿಯರು ಹಾರ ಹಿಡಿದು ಮಂಗಳ ಗ್ರಹದ ಮೇಲೇ ಹತ್ತಿ ಬಂದು, ಅವಳ ಕೊರಳಿಗೆ ಹಾಕಿ, ಆಮ್ಲಜನಕವಿಲ್ಲದ ಜಾಗದಲ್ಲಿ ಆರಾಮಾಗಿ ಫೋಟೊ ತೆಗೆಸಿಕೊಂಡು ಇಳಿದರು. ಹಡಗು ಎರಡನೆಯ ಸಲ ಇಳಿಯಿತು. ಹುಡುಗಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಕಾದಳು. ಹಸಿರು ಹುಡುಗ ಬರಲೇ ಇಲ್ಲ. ಹುಡುಕಿದರೆ ನೀರಿನ ಟ್ಯಾಂಕಿನ ಹತ್ತಿರ ಬಣ್ಣ ತೊಳೆದುಕೊಳ್ಳುತ್ತಿದ್ದ.

ಜನ ಹೋದ ಮೇಲೆ ಡ್ರೆಸ್ಸುಗಳನ್ನು ವಾಪಸು ಕಟ್ಟುವಾಗ ರಾಜನ ಕೋಟು ಕಾಣಲಿಲ್ಲ. ಹುಡುಗಿಯೂ ನಾನೂ ಹುಡುಕಿಕೊಂಡು ವೇದಿಕೆಗೆ ಬಂದೆವು. ಅಮ್ಮ ಸೀರೆಯ ಮೇಲೆ ಆ ಕೋಟು ಹಾಕಿಕೊಂಡು ಕ್ಯಾಪ್ಟನ್ ಕುರ್ಚಿಯಲ್ಲಿ ಕೂತಿದ್ದಳು. ಮೂವತ್ತು ವರ್ಷ ಪಕ್ಕದಲ್ಲಿ ನಿಂತು ಯಾರುಯಾರಿಗೋ ಎತ್ತಿಕೊಟ್ಟ ರಾಜನ ಮಾತುಗಳನ್ನು, ಖಾಲಿ ಮೈದಾನಕ್ಕೆ, ಒಂದಕ್ಷರ ತಪ್ಪದೆ ಹೇಳುತ್ತಿದ್ದಳು. ನನಗೆ ಅಳು ಬಂತು. ಎಷ್ಟೋ ದಿನ ಅವಳನ್ನು ನೋಡಿ ಅಂಟಿಕೊಂಡ ಚಾಳಿ, ನನ್ನ ಬೆರಳುಗಳು ತಾವಾಗಿ ಮಡಚಿಕೊಳ್ಳತೊಡಗಿದವು. ಎರಡೂ ಕೈಯ ಬೆರಳು ಮುಗಿದವು, ಅಮ್ಮನ ಮಾತು ಮುಗಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗಿ ನನ್ನ ಮಡಚಿದ ಬೆರಳುಗಳನ್ನು ನೋಡಿ, ಏನೂ ಕೇಳದೆ, ತನ್ನ ಎರಡೂ ಕೈ ನನ್ನ ಮುಂದೆ ಚಾಚಿದಳು. ಅವೂ ಸಾಲಲಿಲ್ಲ.