ಮುದೀರರಿಗೆ ಬಂದ ಮೇಷ್ಟ್ರು

ದಮ್ಮಾಮ್ ಬಂದರಿನ ಹತ್ತಿರ ನಾನು ಕೆಲಸಕ್ಕಿದ್ದ ಕಂಪನಿಗೆ ಹಡಗಿನಲ್ಲಿ ಕೋಳಿ, ಬೆಣ್ಣೆ, ಚೀಸ್ ಬರುತ್ತಿದ್ದವು. ಅವನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಫ್ರೀಜರ್ ಲಾರಿಗಳಲ್ಲಿ ಊರೂರಿಗೆ ಕಳುಹಿಸುವುದು ನಮ್ಮ ವ್ಯವಹಾರ. ಎಂಬತ್ತರ ದಶಕದ ನಡುವಿನ ಕಾಲ ಅದು. ಮಾಲೀಕರು ಸೌದಿಯ ಶೇಖ್. ಆದರೆ ಕಂಪನಿಯನ್ನು ದಿನಾ ನಡೆಸುತ್ತಿದ್ದವರು ಭಟ್ಕಳದ ಒಬ್ಬ ಸಾಹೇಬರು. ಮ್ಯಾನೇಜರಿಗೆ ಅರಬಿಯಲ್ಲಿ ಮುದೀರ್ ಎನ್ನುತ್ತಾರೆ. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದೂ ಹಾಗೆಯೇ.

ಮುದೀರರ ಕೈಕೆಳಗೆ ನಾವು ನಾಲ್ವರು ವಿಭಾಗದ ಮುಖ್ಯಸ್ಥರು. ಲಾರಿಗಳ ವಿಭಾಗಕ್ಕೆ ಪೇಶಾವರದ ಪಠಾಣ, ದಾಸ್ತಾನಿಗೆ ಈಜಿಪ್ಟಿನವನು, ಲೆಕ್ಕಪತ್ರಕ್ಕೆ ಮಲಯಾಳಿ. ಕೆಲಸಗಾರರ ಇಕಾಮಾ ಎಂಬ ವಾಸದ ಪರವಾನಗಿ, ವೀಸಾ, ರಜೆಗಳನ್ನು ನೋಡಿಕೊಳ್ಳುತ್ತಿದ್ದವನು ಉಡುಪಿ ಕಡೆಯ ನಾನು. ಮುದೀರರೊಡನೆ ಕನ್ನಡದಲ್ಲಿ ಮಾತಾಡಬಲ್ಲವನು ನಾನೊಬ್ಬನೇ ಆದ್ದರಿಂದ ನನ್ನ ಜೊತೆ ಅವರಿಗೆ ಸ್ವಲ್ಪ ಸಲಿಗೆ. ಉಳಿದವರಿಗೆ ಅವರೆಂದರೆ ಹೆದರಿಕೆ. ಅವರ ದನಿ ಅಷ್ಟು ದೊಡ್ಡದು. ನಾವು ಒಂದು ಮಾತನ್ನು ಎರಡನೆಯ ಸಲ ಹೇಳಿದರೆ ಸಿಡುಕುತ್ತಿದ್ದರು. ಬೇಸಿಗೆಯ ಉರಿಯಲ್ಲೂ ಮೀಟಿಂಗ್ ಕೋಣೆಯ ಏಸಿ ಆರಿಸುತ್ತಿದ್ದರು. ಕರೆಂಟು ಉಳಿಸುವ ಜಿಪುಣತನ ಎಂದು ನಾವು ಅಂದುಕೊಂಡಿದ್ದೆವು.

ಒಂದು ಬೆಳಗಿನ ಮೀಟಿಂಗಿನಲ್ಲಿ ಪಠಾಣ ಹೇಳಿದ, "ಸಾಹಬ್, ನಜ್ರಾನಿಗೆ ಹೋಗುವ ಲಾರಿಯ ಕೂಲಿಂಗ್ ಸರಿಯಿಲ್ಲ. ಇವತ್ತು ಲೋಡ್ ಮಾಡುವುದು ಬೇಡ." ಮುದೀರರು ತಲೆಯಾಡಿಸಿದರು, ಮುಂದಿನ ವಿಷಯಕ್ಕೆ ಹೋದರು. ಮಧ್ಯಾಹ್ನ ಅದೇ ಲಾರಿಗೆ ಸರಕು ತುಂಬಿಸಲು ಅವರೇ ದಾಸ್ತಾನು ವಿಭಾಗಕ್ಕೆ ಆರ್ಡರ್ ಕಳಿಸಿದರು. ಸಾಹೇಬರು ಯೋಚಿಸಿಯೇ ಕಳಿಸಿರಬೇಕು ಎಂದು ಪಠಾಣನೂ ಸುಮ್ಮನಾದ. ಲಾರಿ ನಜ್ರಾನ್ ಮುಟ್ಟಿದಾಗ ಕೋಳಿಯೆಲ್ಲ ಕೊಳೆತು ನಾರುತ್ತಿತ್ತು.

ಮುದೀರರು ಎಲ್ಲರೆದುರು ಪಠಾಣನ ಮೇಲೆ ಹರಿಹಾಯ್ದರು. "ಕೂಲಿಂಗ್ ಕೆಟ್ಟಿದೆ ಅಂತ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆ ಸಾಹಬ್. ಇದೇ ಕುರ್ಚಿಯಲ್ಲಿ ಕೂತು ಹೇಳಿದ್ದೆ."

"ಸುಳ್ಳು!"

ಮಲಯಾಳಿ ಮೆಲ್ಲಗೆ, "ಹೇಳಿದ್ದು ನಿಜ ಸರ್" ಎಂದ. ನಾನೂ ಹೌದೆಂದೆ. ಈಜಿಪ್ಟಿನವನೂ ತಲೆಯಾಡಿಸಿದ. ಮುದೀರರು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದರು. ಆ ನೋಟದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಇದ್ದದ್ದು ದಿಗಿಲು. ಇವರೆಲ್ಲ ಸೇರಿಕೊಂಡು ತನ್ನನ್ನು ಉರುಳಿಸಲು ಹೊರಟಿದ್ದಾರೆ ಎಂದು ಅವರಿಗೆ ಖಾತ್ರಿಯಾದಂತಿತ್ತು. ಅಂದಿನಿಂದ ನನ್ನೊಡನೆ ಕನ್ನಡದ ಮಾತೂ ನಿಂತಿತು.

ಪಠಾಣ ರಾಜೀನಾಮೆ ಕೊಟ್ಟು, ಊರಿಗೆ ಹೋಗಲು ಎಕ್ಸಿಟ್ ವೀಸಾ ಕೇಳಿದ. "ಕೆಲಸದಲ್ಲಿ ತಪ್ಪು ಮಾಡಿದ್ದರೆ ಬೈಸಿಕೊಳ್ಳುತ್ತಿದ್ದೆ. ಸುಳ್ಳುಗಾರ ಅನ್ನಿಸಿಕೊಂಡು ಇರಲಾರೆ" ಎಂದು ನನ್ನ ಮುಂದೆ ಹೇಳಿದ. ಸುದ್ದಿ ಸೌದಿ ಮಾಲೀಕರಾದ ಶೇಖರಿಗೆ ಮುಟ್ಟಿತು. ಅವರು ರಾಜೀನಾಮೆಯನ್ನು ತಡೆಹಿಡಿದು, ರಿಯಾದಿನಲ್ಲಿ ಯಾರೋ ಹೇಳಿದರೆಂದು ಸುಡಾನಿನ ಒಬ್ಬರನ್ನು ಕರೆಸಿದರು. ದೊಡ್ಡ ಅಧಿಕಾರಿಗಳ ಜೊತೆಗಿದ್ದು ಅವರನ್ನೂ ಅವರ ಕೈಕೆಳಗಿನವರನ್ನೂ ಪಳಗಿಸುವುದು ಆ ಮನುಷ್ಯನ ಉದ್ಯೋಗವಂತೆ. ಹೀಗೂ ಒಂದು ಕೆಲಸ ಇದೆಯೆಂದು ನಾವು ಕೇಳಿದ್ದು ಅದೇ ಮೊದಲು. ಅದಕ್ಕೊಂದು ಹೆಸರು ತಿಳಿಯದೆ ಅವರನ್ನು ನಾನು ಮನಸ್ಸಿನಲ್ಲೇ ಮೇಷ್ಟ್ರು ಎಂದು ಕರೆದುಕೊಂಡೆ.

ಮೇಷ್ಟ್ರು ಎತ್ತರದ, ನಿಧಾನ ಮಾತಿನ ಮನುಷ್ಯ. ಬಹಳ ವರ್ಷ ತಮ್ಮ ದೇಶದ ರೈಲ್ವೆಯಲ್ಲಿ ಅಧಿಕಾರಿಯಾಗಿದ್ದವರು. ಮೊದಲ ದಿನ ಶೇಖರು ನಮ್ಮೆಲ್ಲರನ್ನೂ ಕೂರಿಸಿಕೊಂಡು ಅವರಿಗೆ ಹೇಳಿದರು, "ಇವರು ಏನೇನು ಹೇಳುತ್ತಾರೋ ವಾರಕ್ಕೊಮ್ಮೆ ನನಗೆ ಬಂದು ತಿಳಿಸಿ."

ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟು ಅರಬಿಯಲ್ಲಿ ವಿನಯದಿಂದಲೇ ಅಂದರು, "ಅದು ನನ್ನಿಂದಾಗದು. ನನಗೆ ಹೇಳಿದ ಮಾತು ನನ್ನಲ್ಲೇ ಇರುತ್ತದೆ. ವರದಿ ಬೇಕಿದ್ದರೆ ಬೇರೆಯವರನ್ನು ಕರೆಸಿಕೊಳ್ಳಿ."

ಶೇಖರಿಗೆ ಹೀಗೆ ಎದುರು ಹೇಳಿದವರನ್ನು ನಾವು ಕಂಡಿರಲಿಲ್ಲ. ಶೇಖರು ಮುಖ ಗಂಟಿಕ್ಕಿಕೊಂಡೇ ಒಪ್ಪಿಕೊಂಡರು.

ಹೊರಗೆ ಬಂದಾಗ ಮುದೀರರು, ತುಂಬ ದಿನಗಳ ನಂತರ, ನನ್ನ ಹತ್ತಿರ ಕನ್ನಡದಲ್ಲಿ ಅಂದರು, "ಎಲ್ಲ ನಾಟಕ ಮಾರಾಯ. ಶೇಖ್ ಕಳಿಸಿದ ಸಿಐಡಿ ಅವ. ನಾನು ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ಪಕ್ಕ ಮಲಗಿ ಎದ್ದು ಈ ಕಂಪನಿ ಕಟ್ಟಿದ್ದು. ನನಗೆ ಎಂತ ಪಾಠ ಹೇಳ್ತಾನೆ?"

ಮೇಷ್ಟ್ರು ಪಾಠ ಹೇಳಲೇ ಇಲ್ಲ. ಮೀಟಿಂಗಿನಲ್ಲಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನಮ್ಮಲ್ಲಿ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಚಹಾ ಕುಡಿಯುತ್ತ ಮಾತಾಡಿಸಿದರು. ಇಳಿಹೊತ್ತಿನ ಅಸರ್ ನಮಾಜಿನ ನಂತರ ಮುದೀರರ ಜೊತೆ ಅಂಗಳದಲ್ಲಿ ಅಡ್ಡಾಡುತ್ತಿದ್ದರು. ನಾನು ಹತ್ತಿರದ ಖತೀಫಿನಲ್ಲಿ ಒಬ್ಬನೇ ಮನೆ ಮಾಡಿದ್ದೆ, ಹೆಂಡತಿ ಊರಿನಲ್ಲಿದ್ದಳು. ಮೇಷ್ಟ್ರ ಹೋಟೆಲು ದಾರಿಯಲ್ಲೇ ಸಿಗುತ್ತದೆಂದು ಅವರನ್ನು ಬೆಳಗ್ಗೆ ಕರೆತಂದು ಸಂಜೆ ಬಿಡುವ ಕೆಲಸ ನನ್ನದಾಯಿತು. ಒಂದು ಸಂಜೆ ಕಾರಿನಲ್ಲಿ ಅವರು ಕೇಳಿದರು, "ನಿಮ್ಮ ಭಾಷೆಯಲ್ಲಿ ಮಾತಾಡುವಾಗಲೂ ಮುದೀರ್ ಹೀಗೆಯೇ ಕೂಗುತ್ತಾರೆಯೆ?"

ನಾನು ಯೋಚಿಸಿದೆ. "ಇಲ್ಲ, ಸ್ವಲ್ಪ ಕಡಿಮೆ. ಸಿಟ್ಟೂ ಕಡಿಮೆ."

ಅವರು ಕಿಟಕಿಯಾಚೆ ಖರ್ಜೂರದ ತೋಟಗಳನ್ನು ನೋಡುತ್ತ ಕೂತರು. ಏಕೆ ಕೇಳಿದರೆಂದು ಹೇಳಲಿಲ್ಲ. ಊರಿನ ಭಾಷೆಯೆಂದರೆ ಯಾರಿಗಾದರೂ ಮನಸ್ಸು ಮೆತ್ತಗಾಗುತ್ತದೆ, ಅದಕ್ಕೇ ಕೇಳಿದ್ದಾರೆ ಎಂದು ನಾನೂ ಬಿಟ್ಟುಬಿಟ್ಟೆ.

ಕೆಲವು ದಿನ ಕಳೆದು ಮುದೀರರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಬಾಗಿಲು ಹಾಕಲು ಹೇಳಿದರು. ಎದುರಿಗೆ ಕೂರಿಸಿಕೊಂಡು ಪೇಪರ್‌ವೇಟ್ ತಿರುಗಿಸತೊಡಗಿದರು.

"ನಿನಗೆ ಗೊತ್ತಿತ್ತಾ?"

"ಎಂತ ಸಾಹೇಬ್ರೇ?"

"ನನಗೆ ಕಿವಿ ಕೇಳುದಿಲ್ಲ."

ನಾನು ಅವರ ಮುಖ ನೋಡಿದೆ.

"ಬಲದ ಕಿವಿ ಪೂರ್ತಿ ಹೋಗಿದೆ. ಎಡದ್ದು ಅರ್ಧ ಉಂಟು. ಸ್ಟೋರ್‌ಕೀಪರ್ ಆಗಿದ್ದಾಗ ಆ ಕಂಪ್ರೆಸರಿನ ಗದ್ದಲದ ಪಕ್ಕವೇ ಕೆಲಸ ಅಲ್ವಾ, ಅಲ್ಲಿಂದ ಶುರುವಾದದ್ದು. ನೀನು ಕನ್ನಡದಲ್ಲಿ ಮಾತಾಡಿದ್ರೆ ತುಟಿ ನೋಡಿ ಗೊತ್ತಾಗ್ತದೆ. ಆ ಪಠಾಣನ ಉರ್ದು, ಈಜಿಪ್ಟಿನವನ ಅರಬಿ, ಅದರ ಮೇಲೆ ಏಸಿ ಆರಿಸದಿದ್ರೆ ಅದರ ಗಲಾಟೆ... ಸುಮ್ಮನೆ ತಲೆ ಆಡಿಸ್ತಿದ್ದೆ ಮಾರಾಯ. ಪುನಃ ಪುನಃ ಕೇಳಿದ್ರೆ ಗೊತ್ತಾಗಿಬಿಡ್ತದಲ್ಲ."

ಮೇಷ್ಟ್ರು ಹಿಂದಿನ ಸಂಜೆ ಅಡ್ಡಾಡುವಾಗ ಬೇಕೆಂದೇ ಹಿಂದುಳಿದು ಅವರನ್ನು ಕರೆದಿದ್ದರಂತೆ. ಮುದೀರರು ತಿರುಗದೆ ನಡೆದೇ ಹೋದರಂತೆ. ಆಮೇಲೆ ಮೇಷ್ಟ್ರು ಮುಂದೆ ಬಂದು ನಿಂತು, "ಎಷ್ಟು ಸಮಯದಿಂದ ಹೀಗೆ?" ಎಂದು ಕೇಳಿದರಂತೆ.

"ಇಷ್ಟು ವರ್ಷದಲ್ಲಿ ಯಾರೂ ಕೇಳಿದ್ದಿಲ್ಲ. ಮನೆಯಲ್ಲಿ ಹೆಂಡತಿಗೂ ನಾನು ಹೇಳ್ಲಿಲ್ಲ. ಟಿವಿ ಜೋರಾಗಿ ಇಡ್ತೇನೆ ಅಂತ ಅವಳು ಜಗಳ ಮಾಡ್ತಾಳೆ." ನಗಲು ಹೋದರು, ಆಗಲಿಲ್ಲ. "ಶೇಖ್‌ಗೆ ಗೊತ್ತಾದ್ರೆ ಕಿವುಡ ಮುದೀರ್ ಯಾಕೆ ಅಂತ ಊರಿಗೆ ಕಳಿಸ್ತಾನೆ. ಈ ಪ್ರಾಯದಲ್ಲಿ ಅಲ್ಲಿ ಹೋಗಿ ಎಂತ ಮಾಡುದು ನಾನು?"

"ಆ ಸುಡಾನಿನವರು ಶೇಖರಿಗೆ ಹೇಳ್ತಾರಾ?"

"ಇಲ್ಲ. ಹೇಳುದಿಲ್ಲ ಅಂದ. ಆದ್ರೆ ಒಂದು ಮಾತು ಹೇಳಿದ. ಪಠಾಣ ಹೇಳಿದ್ದು ನಿಜ, ನಿಮಗೆ ಕೇಳಲಿಲ್ಲ ಅನ್ನುದೂ ನಿಜ. ಇದು ಗೊತ್ತಿರುವುದು ನಮಗಿಬ್ಬರಿಗೇ, ಇನ್ನು ಏನು ಮಾಡುದು ಅಂತ ನೀವೇ ನೋಡಿ ಅಂದ." ಪೇಪರ್‌ವೇಟನ್ನು ಬದಿಗಿಟ್ಟರು. "ನೀನು ಹೇಳು. ಎಂತ ಮಾಡುದು?"

ನನಗೆ ಅವರ ಮೇಲೆ ಕನಿಕರ ಉಕ್ಕಿ ಬಂತು. ಅಷ್ಟು ದೊಡ್ಡ ದನಿಯ ಮನುಷ್ಯ ನನ್ನ ಬಾಯನ್ನೇ ನೋಡುತ್ತ ಕೂತಿದ್ದರು, ಈಗ ಯಾಕೆ ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಸಾಧ್ಯವಾದಷ್ಟು ನಿಧಾನವಾಗಿ ಹೇಳಿದೆ, "ಸಾಹೇಬ್ರೇ, ಆ ಪಠಾಣ ಸುಳ್ಳುಗಾರ ಅಂತ ಹೆಸರು ತಗೊಂಡು ಊರಿಗೆ ಹೋಗ್ತಾನೆ. ಅದೊಂದು ನೋಡಿ."

ಅವರು ನನ್ನನ್ನು ಹೊರಗೆ ಕಳುಹಿಸಿದರು.

ಆ ವಾರವೆಲ್ಲ ಏನೂ ಆಗಲಿಲ್ಲ. ಮೇಷ್ಟ್ರೂ ಅವರನ್ನು ಅವಸರಪಡಿಸಲಿಲ್ಲ. ಶನಿವಾರದ ಮೀಟಿಂಗಿಗೆ ನಾವು ಬಂದು ಕೂತಾಗ ಮುದೀರರು ಎದ್ದು ಹೋಗಿ ಏಸಿ ಆರಿಸಿದರು. ಆಮೇಲೆ ಕೂರದೆ, ಮೇಜಿನ ಅಂಚು ಹಿಡಿದು ನಿಂತು, ಪಠಾಣನನ್ನು ನೋಡುತ್ತ ಹಿಂದಿಯಲ್ಲಿ ಮಾತು ಶುರುಮಾಡಿದರು.

"ಖಾನ್ ಸಾಹಬ್, ಆ ದಿನ ನೀವು ನನಗೆ ಹೇಳಿದ್ದಿರಿ. ನನಗೆ ಕೇಳಿಸಲಿಲ್ಲ. ನನ್ನ ಕಿವಿ ಹೋಗಿದೆ, ಎಷ್ಟೋ ವರ್ಷವಾಯಿತು. ನಾಚಿಕೆಯಿಂದ ಮುಚ್ಚಿಟ್ಟೆ. ನಿಮ್ಮನ್ನು ಇವರೆಲ್ಲರ ಮುಂದೆ ಸುಳ್ಳುಗಾರ ಅಂದೆ. ಇವರೆಲ್ಲರ ಮುಂದೆಯೇ ಮಾಫಿ ಕೇಳುತ್ತೇನೆ."

ಮಲಯಾಳಿ ಕನ್ನಡಕ ತೆಗೆದು ಒರೆಸತೊಡಗಿದ. ಪಠಾಣ ತನ್ನ ಅಗಲವಾದ ಅಂಗೈಗಳನ್ನು ನೋಡುತ್ತ ಕೂತಿದ್ದ. ಕ್ಷಮಿಸುತ್ತಾನೋ, ಎದ್ದು ನಡೆಯುತ್ತಾನೋ ಅವನ ಮುಖದಿಂದ ತಿಳಿಯುವಂತಿರಲಿಲ್ಲ. ಕೊನೆಗೆ ತಲೆಯೆತ್ತಿ ಜೋರಾಗಿ, ತುಟಿ ಕಾಣುವ ಹಾಗೆ, ಕೇಳಿದ.

"ಸಾಹಬ್, ಒಳ್ಳೆಯ ಕಿವಿ ಯಾವ ಕಡೆಯದು?"

ಮುದೀರರು ಎಡಗಿವಿಯನ್ನು ಮುಟ್ಟಿ ತೋರಿಸಿದರು. ಪಠಾಣ ಎದ್ದು, ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು, ಅವರ ಎಡಗಡೆಗೆ ಹಾಕಿ ಕೂತ. ಮುದೀರರು ಮುಖ ಆ ಕಡೆ ತಿರುಗಿಸಿಕೊಂಡರು. ಗೋಡೆಯ ಪಕ್ಕ ಕೂತಿದ್ದ ಮೇಷ್ಟ್ರು ಸದ್ದಾಗದಂತೆ ಎದ್ದು ಹೊರಗೆ ಹೋದರು.

ಅಲ್ಲಿಂದ ಮುಂದೆ ಮೇಷ್ಟ್ರು ನಮ್ಮನ್ನೆಲ್ಲ ಒಟ್ಟಿಗೆ ಕೂರಿಸಿ ಕೆಲಸ ಕಲಿಸಿದರು. ಉದ್ದ ಮೇಜು ಹೋಗಿ ಗುಂಡು ಮೇಜು ಬಂತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಮಾತು ಮುಗಿದ ಮೇಲೆ, ಏನು ಕೇಳಿಸಿತೆಂದು ಎದುರಿನವರು ತಿರುಗಿ ಹೇಳಬೇಕು. ಈಜಿಪ್ಟಿನವನಿಗೆ ಇದು ಮಕ್ಕಳಾಟದಂತೆ ಕಂಡಿತು. "ಯಾ ಉಸ್ತಾದ್, ನನ್ನ ಕಿವಿ ಚೆನ್ನಾಗಿದೆ!" ಎಂದು ಗೊಣಗಿದ. ಹಾಗೆ ಗೊಣಗಿದ ದಿನವೇ, ನಾನು ಹೇಳಿದ್ದನ್ನು ತಿರುಗಿ ಹೇಳುವಾಗ ಹತ್ತು ಜನರಿಗೆ ರಜೆ ಎಂಬುದನ್ನು ಹತ್ತು ದಿನದ ರಜೆ ಮಾಡಿಬಿಟ್ಟ. ಮುದೀರರು ಮೇಜು ಕುಟ್ಟಿ ನಕ್ಕರು. ನಾವೂ ನಕ್ಕೆವು. ಆ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಶೇಖರ ಬಳಿ ಮುದೀರರು ತಾವೇ ಹೋದರು. ನನ್ನನ್ನೂ ಜೊತೆಗೆ ಬಾ ಎಂದರು. ಶೇಖರಿಗೆ ಸಿಟ್ಟು ಬಂದದ್ದು ಕಿವಿಯ ವಿಷಯಕ್ಕಲ್ಲ. "ನಾನು ಸಂಬಳ ಕೊಟ್ಟು ಕರೆಸಿದ ಮನುಷ್ಯನಿಗೆ ಇದು ಗೊತ್ತಿತ್ತು. ನನಗೆ ಒಂದು ಮಾತು ಹೇಳಲಿಲ್ಲ!" ಎಂದು ಕೂಗಿದರು.

ಮುದೀರರು ಹೇಳಿದರು, "ನಿಮಗೆ ಹೇಳಿದ್ದರೆ ನಾನು ಇಲ್ಲವೆಂದು ವಾದಿಸುತ್ತಿದ್ದೆ. ಹೇಳದೆ ಬಿಟ್ಟದ್ದರಿಂದ ನಾನೇ ಬಂದು ಹೇಳುತ್ತಿದ್ದೇನೆ."

ಶೇಖರು ಗಹ್ವಾ ಎಂಬ ಅರಬಿ ಕಾಫಿ ತರಿಸಿದರು. ಮುದೀರರನ್ನು ಕೆಲಸದಿಂದ ತೆಗೆಯಲಿಲ್ಲ. ಖೋಬರಿನ ಕಿವಿ ಡಾಕ್ಟರರ ಬಳಿಗೆ ತಮ್ಮ ಕಾರಿನಲ್ಲೇ ಕಳುಹಿಸಿದರು. ಆದರೆ ಮೇಷ್ಟ್ರ ಒಪ್ಪಂದವನ್ನು ಮುಂದುವರಿಸಲಿಲ್ಲ. ನಾವು ನಾಲ್ವರೂ ಹೋಗಿ ಕೇಳಿಕೊಂಡೆವು. "ಖಲಾಸ್, ಕೆಲಸ ಮುಗಿಯಿತಲ್ಲ" ಎಂದುಬಿಟ್ಟರು.

ಮೇಷ್ಟ್ರನ್ನು ದಹ್ರಾನಿನ ವಿಮಾನ ನಿಲ್ದಾಣಕ್ಕೆ ಬಿಡಲು ಹೋದವನು ನಾನೇ. ನನಗೆ ಅನ್ಯಾಯವೆನಿಸಿತ್ತು, ಅದನ್ನು ಹೇಳಿದೆ. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಕಿವಿಯ ವಿಷಯ ಹೇಗೆ ಹೊಳೆಯಿತೆಂದು ಕೇಳಿದೆ.

"ಮೊದಲು ನನಗೇನೂ ಹೊಳೆದಿರಲಿಲ್ಲ" ಎಂದರು. "ಹೇಳಿದೆ ಅನ್ನುವವನ ಕಣ್ಣಿನಲ್ಲೂ ಸುಳ್ಳು ಕಾಣಲಿಲ್ಲ, ಹೇಳಲಿಲ್ಲ ಅನ್ನುವವರ ಕಣ್ಣಿನಲ್ಲೂ ಕಾಣಲಿಲ್ಲ. ಇಬ್ಬರನ್ನೂ ನಂಬಿದೆ. ಇಬ್ಬರನ್ನೂ ನಂಬಿದ ಮೇಲೆ ಬೇರೇನೋ ಇರಲೇಬೇಕಲ್ಲ ಎಂದು ನೋಡುತ್ತ ಕೂತೆ."

ಪೆಟ್ಟಿಗೆ ಇಳಿಸಿಕೊಟ್ಟೆ. ಅವರು ನನ್ನ ಎರಡೂ ಕೈ ಹಿಡಿದು, ಹೆಂಡತಿಯನ್ನು ಯಾವಾಗ ಕರೆಸಿಕೊಳ್ಳುತ್ತೀರಿ, ಒಬ್ಬರೇ ಬಹಳ ಕಾಲ ಇರಬೇಡಿ ಎಂದು ಹೇಳಿ ಜನರ ನಡುವೆ ಸೇರಿಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಪಠಾಣ ರಾಜೀನಾಮೆಯನ್ನು ಹಿಂದಕ್ಕೆ ಪಡೆಯಲಿಲ್ಲ. ರಂಜಾನಿನವರೆಗೆ ಇರುತ್ತೇನೆ ಎಂದ. ರಂಜಾನ್ ಬಂದಾಗ ಹಜ್ ಮುಗಿಯಲಿ ಎಂದ. ನಾನು ಆ ಕಂಪನಿ ಬಿಟ್ಟು ಜಿಜಾನಿಗೆ ಹೋಗುವಾಗಲೂ ಅವನು ಅಲ್ಲೇ ಇದ್ದ. ಮುದೀರರಿಗೆ ಕಿವಿಯ ಹಿಂದೆ ಸಿಕ್ಕಿಸುವ ಯಂತ್ರ ಬಂದಿತ್ತು. ಅದು ಒಮ್ಮೊಮ್ಮೆ ಮೀಟಿಂಗಿನ ಮಧ್ಯೆ ಕುಯ್ ಎಂದು ಕೂಗುತ್ತಿತ್ತು. ಆ ಸದ್ದು ಮಾತ್ರ ಅವರಿಗೆ ಕೇಳಿಸುತ್ತಿರಲಿಲ್ಲ. ಪಠಾಣ ಮಾತು ನಿಲ್ಲಿಸಿ ತನ್ನ ಕಿವಿಯನ್ನು ಮುಟ್ಟಿ ತೋರಿಸುತ್ತಿದ್ದ. ಅವರು ಯಂತ್ರವನ್ನು ಸರಿಮಾಡಿಕೊಂಡು, "ಹಾಂ, ಈಗ ಹೇಳಿ" ಎನ್ನುತ್ತಿದ್ದರು.